ಫಲದಿಂದ ಮೂಲಕ್ಕೆ

ಊರಿನಲ್ಲಿ ಹನಿ ಬೀಳದ ದಿನವೂ ಹಳ್ಳದಲ್ಲಿ ಕೆನ್ನೀರು ಬಂದರೆ, "ಮೇಲೆ ಎಲ್ಲೋ ಮಳೆಯಾಗಿದೆ" ಎಂದು ದಂಡೆಯ ಮೇಲಿನ ಹಿರಿಯರು ನುಡಿಯುವುದುಂಟು. ಕಾರ್ಯವನ್ನು ಕಂಡು ಕಾರಣವನ್ನು ಅರಿಯುವ ಈ ಬಗೆಯನ್ನು ನಮ್ಮ ನ್ಯಾಯಶಾಸ್ತ್ರವು 'ಶೇಷವತ್' ಅನುಮಾನವೆಂದು ಕರೆಯಿತು. ನದಿ ಉಬ್ಬಿದ್ದು ಮಳೆಯಿಂದಲೇ ಏಕಾಗಬೇಕು, ಕೆಳಗೆ ಯಾರೋ ಒಡ್ಡು ಕಟ್ಟಿರಬಾರದೇಕೆ ಎಂಬ ಆಕ್ಷೇಪವನ್ನೂ ಆ ಶಾಸ್ತ್ರವೇ ಎತ್ತಿತು. ಮಳೆಯ ನೀರಿಗೆ ವೇಗವಿರುತ್ತದೆ. ಅದು ನೊರೆಯನ್ನೂ ಎಲೆ ಕಾಯಿ ಕಟ್ಟಿಗೆಗಳನ್ನೂ ಹೊತ್ತು ತರುತ್ತದೆ. ಒಡ್ಡಿನಿಂದ ಏರಿದ ನೀರಿನಲ್ಲಿ ಈ ಗುರುತುಗಳಿಲ್ಲ ಎಂದು ವಾತ್ಸ್ಯಾಯನ ಭಾಷ್ಯವು ಸಮಾಧಾನ ಹೇಳಿತು. ಪ್ರತಿಯೊಂದು ಕಾರಣವೂ ತನ್ನದೇ ಹೆಜ್ಜೆಗುರುತನ್ನು ಬಿಟ್ಟುಹೋಗುತ್ತದೆ ಎಂಬುದೇ ಇದರ ತಿರುಳು.

ಈ ಮಾತು ಕೇವಲ ಪಂಡಿತರ ಚರ್ಚೆಗೆ ಸೇರಿದ್ದಲ್ಲವೆಂಬುದನ್ನು 2000ದ ಮುಂಗಾರು ನಮಗೆ ಕಲಿಸಿತು. ಮಡಕಶಿರಾ, ಅಮರಾಪುರಗಳು ಆಗ ಅನಂತಪುರ ಜಿಲ್ಲೆಗೇ ಸೇರಿದ್ದವು. ಆ ವರ್ಷ ಜಿಲ್ಲೆಯ ಸುಮಾರು 2,25,000 ಹೆಕ್ಟೇರು ಕಡಲೆಕಾಯಿ ಬೆಳೆಗೆ ರೋಗ ತಗುಲಿತು. ಎಳೆಯ ಎಲೆಗಳ ಮೇಲೆ ಕಂದು ಮಚ್ಚೆಗಳು ಮೂಡಿ, ಕುಡಿ ಬಾಡಿ, ಕಾಂಡ ಕರಕಾಗಿ ಗಿಡವೇ ಸತ್ತಿತು. ನಷ್ಟ 300 ಕೋಟಿ ರೂಪಾಯಿಗಳನ್ನು ಮೀರಿತೆಂದು ಅಂದಾಜಾಯಿತು.

ಫಲ ಕಣ್ಣೆದುರಿಗಿತ್ತು, ಮೂಲ ಯಾವುದು? ಇಂಥ ಹೊತ್ತಿನಲ್ಲಿ ಮನಸ್ಸು ಮೊದಲು ಹಳೆಯ ಪರಿಚಿತನನ್ನೇ ಹಿಡಿಯುತ್ತದೆ. ಸುಳಿ ಸಾಯುವ ರೋಗವೆಂಬುದು ಕಡಲೆಕಾಯಿಗೆ ಹಿಂದಿನಿಂದಲೂ ಬರುತ್ತಿದ್ದುದು; ಲಕ್ಷಣಗಳೂ ಹೋಲುತ್ತಿದ್ದವು. ಆದರೆ ಹೈದರಾಬಾದಿನ ಬಳಿಯ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯ ವಿಜ್ಞಾನಿಗಳೂ ಅವರ ಸಹೋದ್ಯೋಗಿಗಳೂ ರೋಗದ ಗಿಡಗಳನ್ನು ಪರೀಕ್ಷಿಸಿದಾಗ ಸಿಕ್ಕಿದ್ದು ಬೇರೊಂದು ವೈರಸ್. ಹೊಗೆಸೊಪ್ಪಿನ ಗೀರುರೋಗದ ವೈರಸ್ ಎಂದು ಹೆಸರಾದುದು. 1997ರಲ್ಲಿ ಗಡಿಯಾಚೆಯ ಬಾಗೇಪಲ್ಲಿಯ ಕಡೆ ಸೂರ್ಯಕಾಂತಿಯನ್ನು ಒಣಗಿಸಿದ ರೋಗಕ್ಕೂ ಇದೇ ಮೂಲವಾಗಿತ್ತು.

ಅನ್ವೇಷಣೆ ಅಲ್ಲಿಗೇ ನಿಲ್ಲಲಿಲ್ಲ. ವೈರಸ್ ಹೊಲಕ್ಕೆ ಬಂದುದು ಹೇಗೆ? ಬಿತ್ತನೆ ಬೀಜದ ಮೂಲಕವೇ ಎಂದು ಪರೀಕ್ಷಿಸಲಾಯಿತು. ಕಡಲೆಕಾಯಿಯಲ್ಲಿ ಅದು ಬೀಜದಿಂದ ಹರಡುವುದು ಕಾಣಲಿಲ್ಲ. ಒಂದೊಂದೇ ಬಾಗಿಲು ಮುಚ್ಚುತ್ತ ಹೋದಂತೆ ದಾರಿಯು ಹೊಲದ ಬದುವಿಗೆ ಬಂದು ಮುಟ್ಟಿತು. ಅಲ್ಲಿ ನಿಂತಿದ್ದುದು ನಾವು ಕಾಂಗ್ರೆಸ್ ಗಿಡವೆಂದೂ, ನೆರೆಯ ತೆಲುಗರು ವಯ್ಯಾರಿ ಭಾಮವೆಂದೂ ಕರೆಯುವ ಪಾರ್ಥೇನಿಯಂ. ಅದು ವೈರಸ್ಸನ್ನು ಒಳಗಿಟ್ಟುಕೊಂಡೂ ರೋಗದ ಲಕ್ಷಣ ತೋರದೆ ಹಸಿರಾಗಿಯೇ ಇರುತ್ತದೆ. ಅದರ ಪರಾಗವು ಥ್ರಿಪ್ಸ್ ಎಂಬ ಸಣ್ಣ ನುಸಿಗಳ ಮೈಗೆ ಅಂಟಿಯೂ ಗಾಳಿಯಲ್ಲಿ ತೇಲಿಯೂ ಬೆಳೆಯ ಎಲೆಯನ್ನು ಸೇರುತ್ತದೆ. ನುಸಿ ಎಲೆಯನ್ನು ಕೆರೆದ ಗಾಯದಲ್ಲಿ ವೈರಸ್ ಒಳಹೊಗುತ್ತದೆ. ಕಾರಣ ತಿಳಿದ ಮೇಲೆ ಪರಿಹಾರವೂ ಹೊಳೆಯಿತು: ಹೂ ಬಿಡುವ ಮೊದಲೇ ಆ ಕಳೆಯನ್ನು ಕೀಳುವುದು, ಹೊಲದ ಸುತ್ತ ಜೋಳ ಅಥವಾ ಸಜ್ಜೆಯ ಸಾಲುಗಳನ್ನು ಬೆಳೆಸಿ ನುಸಿಗೆ ತಡೆಯೊಡ್ಡುವುದು.

ಯೋಜನೆಗಳ ಮೌಲ್ಯಮಾಪನದಲ್ಲಿಯೂ ಇದೇ ಮಾರ್ಗವುಂಟು. ಮೌಲ್ಯಮಾಪಕನು ಪತ್ತೇದಾರನಂತೆ ನಡೆಯಬೇಕೆಂದು ಮೈಕೇಲ್ ಸ್ಕ್ರಿವೆನ್ ಎಂಬ ವಿದ್ವಾಂಸರು 1976ರಲ್ಲಿ ಪ್ರತಿಪಾದಿಸಿದರು. ಕನ್ನ ಹಾಕಿದ ರೀತಿಯಿಂದಲೇ ಕಳ್ಳನನ್ನು ಗುರುತಿಸುವಂತೆ, ಪರಿಣಾಮದ ಹಿಂದಿರುವ ಗುರುತುಗಳಿಂದ ಕಾರಣವನ್ನು ಹಿಡಿಯಬೇಕೆಂಬುದು ಅವರ ಮತ.

ಒಂದು ಊರಿನಲ್ಲಿ ಜಲಾನಯನ ಕಾಮಗಾರಿ ಮುಗಿದ ಮರುವರ್ಷ ಇಳುವರಿ ಹೆಚ್ಚಿತೆಂದು ಭಾವಿಸೋಣ. ಒಡ್ಡಿನ ಫಲವೆಂದು ಅಧಿಕಾರಿ, ಮಳೆಯ ಕೃಪೆಯೆಂದು ರೈತ, ತನ್ನ ಬೀಜದ ಗುಣವೆಂದು ವ್ಯಾಪಾರಿ ಹೇಳುವರು. ಮಳೆಯೇ ಕಾರಣವಾದರೆ ಒಡ್ಡಿಲ್ಲದ ನೆರೆಯೂರಿನಲ್ಲೂ ಇಳುವರಿ ಏರಿರಬೇಕು. ಬೀಜವೇ ಆದರೆ ಅದನ್ನು ಬಿತ್ತಿದ ಹೊಲಗಳಲ್ಲಿ ಮಾತ್ರ ಏರಿರಬೇಕು. ಒಡ್ಡೇ ಆದರೆ ಅದರ ಕೆಳಗಿನ ಬಾವಿಗಳಲ್ಲಿ ಬೇಸಗೆಯವರೆಗೂ ನೀರು ನಿಂತಿರಬೇಕು. ಎರಡು ಕಾರಣಗಳು ಕೂಡಿಯೂ ಕೆಲಸ ಮಾಡಿರಬಹುದು; ಆಗ ಎರಡರ ಗುರುತುಗಳೂ ಸಿಗುತ್ತವೆ. ಹೀಗೆ ಸೋಸದೆ ಹೊಗಳಿಕೆಯನ್ನು ಹಂಚಿದರೆ ಮುಂದಿನ ಹಣವು ತಪ್ಪು ಕೆಲಸಕ್ಕೆ ಹರಿದುಹೋಗುತ್ತದೆ.

ಆದರೆ ಒಂದು ಎಚ್ಚರಿಕೆ ಬೇಕು. ಪಟ್ಟಿಯಲ್ಲಿದ್ದ ಕಾರಣಗಳನ್ನೆಲ್ಲ ಅಳಿಸಿ ಉಳಿದುದೇ ನಿಜವೆನ್ನಲು ಆ ಪಟ್ಟಿಯೇ ಪೂರ್ಣವಾಗಿರಬೇಕು. 2000ದಲ್ಲಿ ನಿಜವಾದ ಮೂಲವು ರೈತರ ಪಟ್ಟಿಯಲ್ಲಿ ಇರಲೇ ಇಲ್ಲ. ದಿನವೂ ಕಾಲಿಗೆ ತೊಡರುತ್ತಿದ್ದ ಕಳೆಯನ್ನು ಯಾರು ತಾನೆ ಶಂಕಿಸಿಯಾರು?

ಕೊನೆಯದಾಗಿ ಮನೆಯ ಮಾತು. ಬೆಳೆ ಹೋದ ವರ್ಷ ಹೊಸದಾಗಿ ಬಂದ ಸೊಸೆಯ ಕಾಲ್ಗುಣವನ್ನು ದೂರುವ ಕೆಟ್ಟ ರೂಢಿ ನಮ್ಮಲ್ಲಿ ಇನ್ನೂ ಪೂರ್ತಿ ಅಳಿದಿಲ್ಲ. ಆ ಹುಡುಗಿ ಹೊಸ್ತಿಲು ದಾಟಿದ್ದು ಒಂದೇ ಮನೆಗೆ. ಬೆಳೆ ಒಣಗಿದ್ದು ಎರಡೂಕಾಲು ಲಕ್ಷ ಹೆಕ್ಟೇರಿನಲ್ಲಿ. ಫಲವಿರುವಲ್ಲೆಲ್ಲ ಕಾರಣದ ಹೆಜ್ಜೆಯೂ ಇರಬೇಕಲ್ಲವೇ? ಇಷ್ಟನ್ನು ಕೇಳಿಕೊಂಡರೆ ಸಾಕು, ಒಬ್ಬ ನಿರಪರಾಧಿಯ ಕಣ್ಣೀರು ಉಳಿಯುತ್ತದೆ. ಬದುವಿನ ಕಳೆಗೂ ಕುಡುಗೋಲು ಬೀಳುತ್ತದೆ.