ಕಣದ ಪಕ್ಕದ ಕೋಣೆ

ಕೆನಡಾದ ಮಿಸಿಸಾಗದ ಮೆಡೋವೇಲ್‌ನಲ್ಲಿ ನಮ್ಮ ಮನೆ ನಿಂತಿರುವ ಜಾಗ ಒಂದು ಕಾಲಕ್ಕೆ ಹೊಲ. 1819ರಲ್ಲಿ ಬಂದ ವಲಸಿಗರು ಕಾಡು ಕಡಿದು, ಕ್ರೆಡಿಟ್ ನದಿಯ ಬಳಿ ಬೇಸಾಯ ಹೂಡಿದರು. 1970ರ ದಶಕದಲ್ಲಿ ಆ ಹೊಲಗಳು ಬಡಾವಣೆಗಳಾದವು. ಹಳೆಯ ಹಳ್ಳಿಯ ಬೀದಿಗಳನ್ನು ಮಾತ್ರ 1980ರಲ್ಲಿ ಒಂಟಾರಿಯೊದ ಮೊದಲ ಪಾರಂಪರಿಕ ಸಂರಕ್ಷಣಾ ಪ್ರದೇಶವೆಂದು ಸಾರಿ ಉಳಿಸಿಕೊಂಡರು. ಮನೆಗಳು ಉಳಿದವು, ಉಳುಮೆ ಹೋಯಿತು.

ಕೊಡಗಿನಲ್ಲಿ ಬೇಸಾಯದ ನೆಲ ಹೇಗೆ ಉಳಿಯಿತೆಂಬುದು ನನಗೆ ತಿಳಿದದ್ದು ಜನವರಿಯ ಒಂದು ಬೆಳಗ್ಗೆ, ಹೋಂಸ್ಟೇ ಕೋಣೆಯಲ್ಲಿ. ಕಿಟಕಿಯಾಚೆ ಕಣದಲ್ಲಿ ರೊಬಸ್ಟಾ ಕಾಫಿ ಹಣ್ಣು ಹರಡುವ ಸದ್ದಿಗೆ ಎಚ್ಚರವಾಯಿತು. ಅಕ್ಕಿ ರೊಟ್ಟಿ ತಟ್ಟುತ್ತಿದ್ದ ಮನೆಯೊಡತಿ ಒಣಗಿದ ನಾಲ್ಕು ಕಾಯಿ ತಂದು ನನ್ನ ಮಗಳ ಮುಷ್ಟಿಗಿಟ್ಟರು. “ಕಿವಿ ಹತ್ತಿರ ಅಲುಗಾಡಿಸು ಮಗಳೇ. ಒಳಗೆ ಬೀಜ ಗಲಗಲ ಅಂದ್ರೆ ಮೂಟೆ ಕಟ್ಟಬಹುದು.”

ಈ ಕೋಣೆಯ ಹಿಂದೆ ಕಾಫಿ ಬೆಲೆಯ ಕಥೆಯಿದೆ. 1942ರ ಕಾಯ್ದೆಯಡಿ ಬೆಳೆಗಾರರು ಬೆಳೆಯನ್ನು ಕಾಫಿ ಮಂಡಳಿಯ ಸಾಮೂಹಿಕ ಸಂಗ್ರಹವಾದ ಪೂಲ್‌ಗೆ ಒಪ್ಪಿಸುತ್ತಿದ್ದರು. ಹಣ ಕಂತಿನಲ್ಲಿ ಬರುತ್ತಿತ್ತು. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಕೋಟಾ ವ್ಯವಸ್ಥೆ ಮುರಿದುಬಿತ್ತು. 1990ರ ದಶಕದಲ್ಲಿ ಪೂಲ್ ಹಂತಹಂತವಾಗಿ ಕರಗಿ, ಬೆಳೆಗಾರ ಮುಕ್ತ ಮಾರುಕಟ್ಟೆಗೆ ಬಂದ. ಮೊದಮೊದಲು ಲಾಭ ಬಂತು. ಬಳಿಕ ವಿಯೆಟ್ನಾಂನ ರೊಬಸ್ಟಾ ಮಾರುಕಟ್ಟೆಯನ್ನು ತುಂಬಿತು. 1997ರಲ್ಲಿ ಪೌಂಡಿಗೆ 130 ಸೆಂಟ್ ದಾಟಿದ್ದ ಅಂತರರಾಷ್ಟ್ರೀಯ ಸರಾಸರಿ ಬೆಲೆ 2001ರಲ್ಲಿ 46 ಸೆಂಟಿನ ಆಸುಪಾಸಿಗೆ ಕುಸಿಯಿತು. ಕೊಯ್ಲಿನ ಕೂಲಿ, ಗೊಬ್ಬರ, ಬ್ಯಾಂಕಿನ ಬಡ್ಡಿ ಮಾತ್ರ ಇಳಿಯಲಿಲ್ಲ.

ತೋಟದ ಮನೆಗಳಲ್ಲಿ ಉಳಿದಿದ್ದದ್ದು ಖಾಲಿ ಕೋಣೆಗಳು ಮತ್ತು ಬಂದವರಿಗೆ ಬಡಿಸುವ ವಾಡಿಕೆ. ಮಕ್ಕಳು ಬೆಂಗಳೂರಿಗೆ ಹೋಗಿದ್ದರು. ಅದೇ ಬೆಂಗಳೂರಿನಿಂದ ವಾರಾಂತ್ಯಕ್ಕೆ ಹಸಿರು ಹುಡುಕಿ ಜನ ಬರತೊಡಗಿದ್ದರು. ನೆಂಟರ ಕೋಣೆ ಹೀಗೆ ಅತಿಥಿಗಳ ಕೋಣೆಯಾಯಿತು. ಕೊಡಗು, ಚಿಕ್ಕಮಗಳೂರು, ಸಕಲೇಶಪುರಗಳಲ್ಲಿ ಹೋಂಸ್ಟೇ ಬೇರೂರಿತು.

ಇಂದು ತೋಟವೇ ಇಲ್ಲದ ಕಟ್ಟಡಕ್ಕೂ ಆ ಹೆಸರಿದೆ. ಕೋಣೆ ಗೊತ್ತುಮಾಡುವ ಮೊದಲು ಒಂದು ಮಾತು ಕೇಳಿ: ನಿಮ್ಮಲ್ಲಿ ಕಣ ಇದೆಯೇ? ಬೇಸಾಯ ನಡೆಯುವ ಮನೆಯಲ್ಲಿ ನಾವು ಕೊಡುವ ಹಣ ಮರಳಿ ಗಿಡದ ಬುಡಕ್ಕೆ ಹೋಗುತ್ತದೆ.

ಹೊರಡುವಾಗ ಮನೆಯೊಡತಿಯನ್ನು ಕೇಳಿದೆ, “ಅಕ್ಕಾ, ಕಾಫಿಗೆ ಈಗ ಒಳ್ಳೇ ಬೆಲೆ ಇದೆಯಲ್ಲ. ಈ ಹೋಂಸ್ಟೇ ದುಡಿಮೆ ಇನ್ನೂ ಯಾಕೆ?”

ಅವರು ಕಣದ ಕಡೆ ನೋಡಿದರು. “ಬೆಲೆ ಬಿದ್ದ ವರ್ಷ ತೋಟ ಮಾರದಂತೆ ತಡೆದದ್ದು ಈ ಕೋಣೆ. ಇದನ್ನ ಹೇಗೆ ಮುಚ್ಚಲಿ, ಹೇಳಿ?”