ಮಲಪರೀಕ್ಷೆ ಮತ್ತು ಕಾಲಪ್ರಜ್ಞೆ

ಮಲಪರೀಕ್ಷೆಯೆಂದೊಡನೆ ಮೂಗು ಮುರಿಯುವವರೇ ಹೆಚ್ಚು. ಆದರೆ ಮಗುವಿನ ಮುಖ ಬಿಳಿಚಿ, ಪಾಠದಲ್ಲಿ ಲಕ್ಷ್ಯ ನಿಲ್ಲದಿರುವುದಕ್ಕೆ ಕರುಳಿನಲ್ಲಿ ನೆತ್ತರು ಹೀರುವ ಕೊಕ್ಕೆಹುಳುವೇ ಕಾರಣವಾಗಿರಲೂಬಹುದು. ಬರಿಗಾಲಿನ ಚರ್ಮವನ್ನು ಭೇದಿಸಿ ಒಳಹೊಗುವ ಈ ಹುಳುವಿನ ಇರವನ್ನು ಮಲದಲ್ಲಿ ಬೀಳುವ ಅದರ ತತ್ತಿಗಳಿಂದ ಅರಿಯುವರು.

ಕೆಂಪು ಬಾಳೆಗೆ ಹೆಸರಾದ ಕಮಲಾಪುರದಿಂದ ಕಲಬುರಗಿಯ ಪ್ರಯೋಗಾಲಯಕ್ಕೆ ಮಾದರಿಯನ್ನು ಒಯ್ಯುವವರು ಗಮನಿಸತಕ್ಕ ಸಂಗತಿಯೊಂದುಂಟು. ನೀರಾದ ಭೇದಿಯಲ್ಲಿನ ಅಮೀಬಾವನ್ನು ಅದರ ಚಲನೆಯಿಂದ ಗುರುತಿಸಬೇಕಾದರೆ ಅರ್ಧ ಗಂಟೆಯೊಳಗೆ ಸೂಕ್ಷ್ಮದರ್ಶಕದ ಕೆಳಗಿಡಬೇಕು. ಬಸ್ಸಿನ ಪಯಣವೇ ಅದಕ್ಕಿಂತ ದೀರ್ಘ. ಅಂಥ ರೋಗಿ ತಾನೇ ಪ್ರಯೋಗಾಲಯಕ್ಕೆ ಹೋಗುವುದು ಲೇಸು. ಗಟ್ಟಿಮಲವು ತಂಪಿನಲ್ಲಿ ಒಂದು ದಿನ ತಾಳುತ್ತದೆ. ಸೆಕೆಯಲ್ಲಿ ಹಾಗೆಯೇ ಬಿಟ್ಟರೆ ಕೊಕ್ಕೆಹುಳುವಿನ ತತ್ತಿಯೊಡೆದು ಮರಿ ಹೊರಬಂದು, ಬೇರೊಂದು ಹುಳುವೆಂಬ ಭ್ರಾಂತಿಗೆ ಎಡೆಗೊಡುವುದು. ಮಾದರಿಯನ್ನು ಮೂತ್ರ ಬೆರೆಯದಂತೆ ಅಗಲ ಬಾಯಿಯ ಒಣ ಡಬ್ಬಿಯಲ್ಲಿ ಸಂಗ್ರಹಿಸತಕ್ಕದ್ದು.

ಪ್ರಯೋಗಾಲಯದಲ್ಲಿ ಲವಣದ್ರಾವಣದ ಹನಿಯಲ್ಲಿ ಜೀವಿಗಳ ಚಲನೆಯನ್ನೂ ಅಯೋಡಿನ್ ಹನಿಯಲ್ಲಿ ಅವುಗಳ ಒಳರಚನೆಯನ್ನೂ ನೋಡುವರು. ತತ್ತಿಗಳು ನಿತ್ಯ ಒಂದೇ ಪ್ರಮಾಣದಲ್ಲಿ ಬೀಳುವುದಿಲ್ಲವಾದ್ದರಿಂದ ಒಮ್ಮೆ ಕಾಣದಿದ್ದರೆ ಹುಳುವೇ ಇಲ್ಲವೆನ್ನಲಾಗದು. ಬೇರೆ ಬೇರೆ ದಿನಗಳ 3 ಮಾದರಿಗಳನ್ನು ಕೇಳುವುದು ಇದಕ್ಕಾಗಿಯೇ, ಕೆಲವರು ಶಂಕಿಸುವಂತೆ ಹಣದಾಸೆಗಲ್ಲ.

2015ರಲ್ಲಿ ಆರಂಭವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದ ಅಂಗವಾಗಿ ಶಾಲೆಗಳಲ್ಲಿ 400 ಮಿಲಿಗ್ರಾಂ ಅಲ್ಬೆಂಡಜೋಲ್ ಮಾತ್ರೆಯನ್ನು ಪರೀಕ್ಷೆಯಿಲ್ಲದೆಯೇ ಮಕ್ಕಳಿಗೆ ಕೊಡುವ ಕ್ರಮವಿದೆ. ಅದು ಯೋಗ್ಯವೇ. ಆದರೆ ಅಮೀಬಾದ ಭೇದಿಗೆ ಆ ಮಾತ್ರೆ ಔಷಧವಲ್ಲ. ಅದನ್ನು ನುಂಗಿದ ಮೇಲೂ ಮಗು ಬಿಳಿಚಿಕೊಂಡೇ ಇದ್ದರೆ, ವೈದ್ಯರ ಸಲಹೆಯಂತೆ ಮಲದೊಡನೆ ರಕ್ತವನ್ನೂ ಪರೀಕ್ಷಿಸಬೇಕಾಗುತ್ತದೆ.