ನಿಮಗಿದು ಗೊತ್ತೇ? ಟ್ರಾಂಬೋನ್ ಹಿಡಿದ ಮೆಲ್ಬಾ ಲಿಸ್ಟನ್

ಜಾಝ್ ಅಂದರೆ ಲೂಯಿ ಆರ್ಮ್‌ಸ್ಟ್ರಾಂಗ್, ಡ್ಯೂಕ್ ಎಲಿಂಗ್ಟನ್ ಎಂದು ಹೆಸರು ಹೇಳುವವರು ನಮ್ಮಲ್ಲೂ ಇದ್ದಾರೆ. ಮೆಲ್ಬಾ ಲಿಸ್ಟನ್ ಹೆಸರು ಕೇಳಿದವರು ಕಡಿಮೆ. 1940ರ ದಶಕದಲ್ಲೇ ಗಂಡಸರ ದೊಡ್ಡ ಬ್ಯಾಂಡುಗಳಲ್ಲಿ ಟ್ರಾಂಬೋನ್ ಸಾಲಿಗೆ ಸೇರಿ ನುಡಿಸಿದ ಮಹಿಳೆ ಇವರು.

ಹುಟ್ಟಿದ್ದು 1926ರ ಜನವರಿ 13ರಂದು, ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ. ಟ್ರಾಂಬೋನ್ ಕೈಗೆ ಬಂದದ್ದು ಏಳನೇ ವಯಸ್ಸಿಗೆ. ಎಂಟಕ್ಕೆಲ್ಲ ಊರಿನ ರೇಡಿಯೋದಲ್ಲಿ ಒಬ್ಬರೇ ನುಡಿಸಿದರು!

ಅದೇನು ಮಹಾ ಅನ್ನಬೇಡಿ. ಈ ವಾದ್ಯಕ್ಕೆ ಕೊಳಲಿನ ಹಾಗೆ ತೂತುಗಳಿಲ್ಲ, ವೀಣೆಯ ಹಾಗೆ ಮೆಟ್ಟಿಲುಗಳೂ ಇಲ್ಲ. ಉದ್ದನೆಯ ಕೊಳವೆಯನ್ನು ಹಿಂದೆ ಮುಂದೆ ಸರಿಸಿ ಏಳು ನೆಲೆಗಳಲ್ಲಿ ಸ್ವರ ಹಿಡಿಯಬೇಕು. ಕೊನೆಯ ನೆಲೆ ಚಿಕ್ಕ ಮಕ್ಕಳ ತೋಳಿಗೆ ಎಟುಕುವುದು ಬಹಳ ಕಷ್ಟ. ಸ್ವರ ಎಲ್ಲಿದೆಯೆಂದು ಕಿವಿಯೇ ಹೇಳಬೇಕು. ವೀಣೆಯ ಜಾರು ಕೇಳಿ ಸುಖಪಟ್ಟವರಿಗೆ ಟ್ರಾಂಬೋನ್ ಹೊಸದೆನಿಸದು.

ಸ್ಯಾಕ್ಸೋಫೋನ್ ವಾದಕ ಡೆಕ್ಸ್ಟರ್ ಗಾರ್ಡನ್ 1947ರಲ್ಲಿ ‘ಮಿಸ್ಚಿವಸ್ ಲೇಡಿ’ ಎಂಬ ರಚನೆಯನ್ನು ಧ್ವನಿಮುದ್ರಿಸಿದರು. ಆ ‘ತುಂಟಿ’ ಮೆಲ್ಬಾ ಅವರೇ. ಜೊತೆಗೆ ಟ್ರಾಂಬೋನ್ ನುಡಿಸಿದವರೂ ಅವರೇ, ಆಗ ವಯಸ್ಸು 21.

1949ರಲ್ಲಿ ಗಾಯಕಿ ಬಿಲ್ಲಿ ಹಾಲಿಡೇ ಜೊತೆ ಅಮೆರಿಕದ ದಕ್ಷಿಣ ರಾಜ್ಯಗಳಿಗೆ ಹೋದ ಪ್ರವಾಸ ಅವರ ಮನಸ್ಸನ್ನೇ ಮುರಿಯಿತು. ಸಂಗೀತ ಪ್ರವಾಸ ಬಿಟ್ಟು ಲಾಸ್ ಏಂಜಲೀಸಿನ ಶಿಕ್ಷಣ ಮಂಡಳಿಯ ಕಚೇರಿಯಲ್ಲಿ ಕೆಲಸಕ್ಕೆ ಸೇರಿದರು. ಹಾಲಿವುಡ್ ಚಿತ್ರಗಳಲ್ಲಿ ಸಣ್ಣಪುಟ್ಟ ಪಾತ್ರಗಳನ್ನೂ ಮಾಡಿದರು. ಅವುಗಳಲ್ಲಿ ಒಂದು, 1956ರ ‘ದಿ ಟೆನ್ ಕಮಾಂಡ್‌ಮೆಂಟ್ಸ್’.

ಅವರನ್ನು ಮತ್ತೆ ಸಂಗೀತಕ್ಕೆ ಕರೆತಂದವರು ಟ್ರಂಪೆಟ್ ವಾದಕ ಡಿಝಿ ಗಿಲೆಸ್ಪಿ. 1956ರಲ್ಲಿ ಅಮೆರಿಕ ಸರ್ಕಾರ ಅವರ ಬ್ಯಾಂಡನ್ನು ವಿದೇಶ ಪ್ರವಾಸಕ್ಕೆ ಕಳಿಸಿದಾಗ ಮೆಲ್ಬಾ ಜೊತೆಗಿದ್ದರು. ಬ್ಯಾಂಡು ಕರಾಚಿಯವರೆಗೂ ಬಂದಿತ್ತು.

ಸಿನಿಮಾ ಹಾಡು ಕೇಳಿದಾಗ ನಾವು ಗಾಯಕರ ಹೆಸರು ಹೇಳುತ್ತೇವೆ, ಸಂಗೀತ ನಿರ್ದೇಶಕರ ಹೆಸರೂ ಹೇಳುತ್ತೇವೆ. ಯಾವ ವಾದ್ಯ ಎಲ್ಲಿ, ಎಷ್ಟು ನುಡಿಯಬೇಕೆಂದು ಬರೆದುಕೊಟ್ಟ ಅರೇಂಜರ್ ಯಾರೆಂದು ಕೇಳುವುದಿಲ್ಲ. ಮೆಲ್ಬಾ ಬದುಕಿನ ದೊಡ್ಡ ಪಾಲು ಆ ಕೆಲಸಕ್ಕೇ ಹೋಯಿತು. ಅವರ ಹೆಸರು ಮರೆಗೆ ಸರಿಯಲು ಮುಖ್ಯ ಕಾರಣ ಇದೇ ಎಂದು ನನ್ನ ಅನಿಸಿಕೆ. ಪಿಯಾನೋ ವಾದಕ ರಾಂಡಿ ವೆಸ್ಟನ್ ಜೊತೆಗಿನ ನಂಟು 1950ರ ದಶಕದ ಕೊನೆಯಲ್ಲಿ ಶುರುವಾಗಿ 1990ರ ದಶಕದವರೆಗೂ ನಡೆಯಿತು. ರಾಗ ವೆಸ್ಟನ್ ಅವರದು, ಅದಕ್ಕೆ ಮೈ ತುಂಬಿದವರು ಮೆಲ್ಬಾ. 1960ರ ನವೆಂಬರಿನಲ್ಲಿ ಧ್ವನಿಮುದ್ರಿತವಾದ ‘ಉಹುರು ಆಫ್ರಿಕಾ’ ಕೇಳಿ. ಸ್ವಾಹಿಲಿಯಲ್ಲಿ ಉಹುರು ಅಂದರೆ ಸ್ವಾತಂತ್ರ್ಯ. ಆ ಒಂದೇ ವರ್ಷ ಆಫ್ರಿಕಾದ 17 ದೇಶಗಳು ಸ್ವತಂತ್ರವಾಗಿದ್ದವು. ಸಾಹಿತ್ಯ ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ಅವರದು. ಆಫ್ರಿಕದ ತಾಳವಾದ್ಯಗಳನ್ನೂ ಜಾಝಿನ ಕಹಳೆಗಳನ್ನೂ ಒಂದಕ್ಕೊಂದು ಮುಳುಗಿಸದಂತೆ ಜೋಡಿಸಿದ್ದು ಮೆಲ್ಬಾ. ದಕ್ಷಿಣ ಆಫ್ರಿಕದ ವರ್ಣಭೇದ ಸರ್ಕಾರ ಈ ಆಲ್ಬಂ ಅನ್ನು ನಿಷೇಧಿಸಿತು!

ಇಷ್ಟೆಲ್ಲ ಮಾಡಿದವರ ಸ್ವಂತ ಹೆಸರಿನ ಆಲ್ಬಂ ಎಷ್ಟು? ಒಂದೇ ಒಂದು. ‘ಮೆಲ್ಬಾ ಲಿಸ್ಟನ್ ಅಂಡ್ ಹರ್ ಬೋನ್ಸ್’, 1958ರ ಡಿಸೆಂಬರಿನಲ್ಲಿ ಧ್ವನಿಮುದ್ರಿತ. ಬೋನ್ಸ್ ಅಂದರೆ ಇಲ್ಲಿ ಮೂಳೆಗಳಲ್ಲ, ಟ್ರಾಂಬೋನ್‌ಗಳು. ಅಲ್ ಗ್ರೇ, ಬೆನ್ನಿ ಗ್ರೀನ್, ಸ್ಲೈಡ್ ಹ್ಯಾಂಪ್ಟನ್‌ರಂಥ ಘಟಾನುಘಟಿ ಟ್ರಾಂಬೋನ್ ವಾದಕರು ಅವರ ಕೈಕೆಳಗೆ ನುಡಿಸಿದ್ದಾರೆ.

1970ರ ದಶಕದಲ್ಲಿ ಜಮೈಕಾಗೆ ಹೋಗಿ ಅಲ್ಲಿನ ಸಂಗೀತ ಶಾಲೆಯಲ್ಲಿ ಪಾಠ ಹೇಳಿದರು. 1985ರಲ್ಲಿ ಪಾರ್ಶ್ವವಾಯು ಬಡಿಯಿತು. ಟ್ರಾಂಬೋನ್ ಕೈ ಬಿಟ್ಟಿತು, ಬರವಣಿಗೆ ಬಿಡಲಿಲ್ಲ. ಕಂಪ್ಯೂಟರ್ ಕಲಿತು ಅದರಲ್ಲೇ ಸ್ವರ ಜೋಡಿಸಿದರು. 1987ರಲ್ಲಿ ಅಮೆರಿಕ ಅವರಿಗೆ ‘ಜಾಝ್ ಮಾಸ್ಟರ್’ ಗೌರವ ಕೊಟ್ಟಿತು. ವೆಸ್ಟನ್ ಅವರ ‘ದಿ ಸ್ಪಿರಿಟ್ಸ್ ಆಫ್ ಅವರ್ ಆನ್ಸೆಸ್ಟರ್ಸ್’ ಆಲ್ಬಮ್ಮಿನ ವಾದ್ಯ ಜೋಡಣೆ ಅದಾದ ಮೇಲಿನದು. 1999ರ ಏಪ್ರಿಲ್ 23ರಂದು ಲಾಸ್ ಏಂಜಲೀಸಿನಲ್ಲಿ ತೀರಿಕೊಂಡರು.

ಎಲ್ಲಿಂದ ಕೇಳಲು ಶುರುಮಾಡಲಿ ಅನ್ನುತ್ತೀರಾ? ಮೊದಲು ‘ಬೋನ್ಸ್’, ಆಮೇಲೆ ‘ಉಹುರು ಆಫ್ರಿಕಾ’. ಎರಡನೆಯದನ್ನು ಕೇಳುವಾಗ ಪಿಯಾನೋ ಒಂದನ್ನೇ ಹಿಂಬಾಲಿಸಬೇಡಿ, ಅದರ ಹಿಂದೆ ಏಳುವ ಕಹಳೆಗಳಿಗೆ ಕಿವಿ ಕೊಡಿ.